ನಾನು ಗುಡಿಸದೆ ಬಿಟ್ಟ ಮಣ್ಣು

ಕಥೆ ಕಟ್ಟುವಷ್ಟು ಓದಿದವನಲ್ಲ ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಟ್ಟುವುದೇ ಆಗಿದ್ದರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡು ಕಟ್ಟುತ್ತಿದ್ದೆ. ಇದರಲ್ಲಿ ನಾನು ಒಳ್ಳೆಯವನಲ್ಲ. ಅದಕ್ಕಾದರೂ ನಂಬಿ... ಮಡಕಶಿರದ ಹತ್ತಿರದ ರತ್ನಗಿರಿ ಕೋಟೆಗುಡ್ಡದ ಹಿಂದಿನ ಕಡಲೆಕಾಯಿ ಹೊಲದಲ್ಲಿ, ನನ್ನ ಕಣ್ಣೆದುರಿಗೇ ನಡೆದದ್ದು ಇದು.

ನನ್ನ ತಂಗಿ ಭಾಗ್ಯ ಕಾಡುಪ್ರಾಣಿಗಳ ಬಗ್ಗೆ ಓದಿದವಳು. ಹೊಲ ಹಾಳು ಮಾಡುವ ಪ್ರಾಣಿ ಯಾವುದು, ಯಾವ ದಾರಿಯಲ್ಲಿ ಬರುತ್ತದೆ ಎಂದು ಪತ್ತೆ ಮಾಡಿ, ಜನಕ್ಕೂ ಪ್ರಾಣಿಗೂ ಏಟಾಗದ ಉಪಾಯ ಹೇಳುವುದು ಅವಳ ಕೆಲಸ. ಹೋದ ವರ್ಷ ಕಡಲೆಕಾಯಿ ಬಲಿಯುವ ಹೊತ್ತಿಗೆ ನಮ್ಮ ಕಡೆಗೇ ಬಂದಳು. ಕರಡಿ ಕಾಟ. ಸಹಾಯಕ್ಕೆ ನನ್ನನ್ನೇ ಇಟ್ಟುಕೊಂಡಳು.

ನನ್ನ ಕೆಲಸ ಸುಲಭ. ಹೊಲದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಮಣ್ಣಿನ ಪಟ್ಟಿ ಮಾಡಿದ್ದಳು. ಸಂಜೆ ಎರಡನ್ನೂ ಪೊರಕೆಯಿಂದ ಗುಡಿಸಿ ನುಣ್ಣಗೆ ಮಾಡಬೇಕು. ಬೆಳಿಗ್ಗೆ ಹೋಗಿ ಯಾವ ಹೆಜ್ಜೆ ಬಿದ್ದಿದೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಷ್ಟೇ.

ಪೂರ್ವದ ಪಟ್ಟಿ ಹೊಲದ ಶೆಡ್ಡಿನ ಪಕ್ಕದಲ್ಲೇ ಇತ್ತು. ಪಶ್ಚಿಮದ್ದು ದೂರ, ಬಂಡೆಗಳ ಬುಡದಲ್ಲಿ. ಹೊಲದ ಯಜಮಾನ ತಿಮ್ಮಪ್ಪ ದಿನಾ ರೇಗಿಸುತ್ತಿದ್ದ.

“ಏನ್ಲಾ, ತಂಗಿ ಕರಡಿ ಹುಡುಕ್ತಾಳೆ, ನೀನು ಕಾಡಿಗೆ ಕಸ ಗುಡಿಸ್ತೀಯ? ಹಂಗೇ ನೀರು ಚಿಮುಕ್ಸಿ ರಂಗೋಲೀನೂ ಬಿಡು, ಕರಡಿಯಮ್ಮ ಬರ್ಲಿ!”

ಕಳೆ ಕೀಳುವ ಹೆಂಗಸರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಪಶ್ಚಿಮದ ಪಟ್ಟಿಗೆ ಹೋಗುವುದನ್ನೇ ಬಿಟ್ಟೆ. ಪುಸ್ತಕದಲ್ಲಿ ಮಾತ್ರ ‘ಹೆಜ್ಜೆ ಇಲ್ಲ’ ಎಂದು ಬರೆದೆ. ಒಂದು ದಿನವಲ್ಲ, ನಾಲ್ಕು ದಿನ.

ಐದನೇ ದಿನ ನಸುಕಿನಲ್ಲಿ ಅದಕ್ಕಿಂತ ಕೀಳು ಕೆಲಸ ಮಾಡಿದೆ. ಕರಡಿಯ ಹಿಂಗಾಲಿನ ಗುರುತು ಮನುಷ್ಯನ ಬರಿಗಾಲಿನ ಹಾಗೇ ಇರುತ್ತದೆ, ಮುಂದೆ ಉಗುರಿನ ಗುರುತು ಬೀಳುತ್ತದೆ ಎಂದು ಭಾಗ್ಯಳೇ ಹೇಳಿಕೊಟ್ಟಿದ್ದಳು. ಚಪ್ಪಲಿ ಬಿಟ್ಟು ಪೂರ್ವದ ಪಟ್ಟಿಯ ಮೇಲೆ ಆರು ಹೆಜ್ಜೆ ಇಟ್ಟೆ. ಒಂದೊಂದು ಹೆಜ್ಜೆಯ ಮುಂದೆಯೂ ಜಾಲಿ ಮುಳ್ಳಿನಿಂದ ಐದು ಗೀರು ಎಳೆದೆ. ಕರಡಿ ತೋರಿಸಿ ತಿಮ್ಮಪ್ಪನ ಬಾಯಿ ಮುಚ್ಚಿಸಬೇಕಿತ್ತು ನನಗೆ.

ಭಾಗ್ಯ ಮಂಡಿಯೂರಿ ನೋಡಿದಳು. “ಮುಂಗಾಲಿನ ಗುರುತೇ ಇಲ್ವಲ್ಲಣ್ಣ...”

ನಾನು ಚಪ್ಪಲಿಯೊಳಗೆ ಬೆರಳು ಮಡಚಿಕೊಂಡೆ.

“ಮುಂಗಾಲಿನ ಮೇಲೇ ಹಿಂಗಾಲು ಬಿದ್ದಿರ್ಬೇಕು ಬಿಡು” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆ ಯಾರು ತೋರಿಸಿದ್ದರೂ ಅವಳು ಒಪ್ಪುತ್ತಿರಲಿಲ್ಲ.

ಆ ರಾತ್ರಿಯೇ ಕಾವಲು ಕೂರುವುದೆಂದಾಯಿತು. ಕರಡಿ ಪೂರ್ವದಿಂದ ಬರುವುದಾದರೆ ನಾವು ಎದುರು ಬದಿಯಲ್ಲಿ, ಬಂಡೆಗಳ ಹತ್ತಿರ ಕೂತು ನೋಡೋಣ ಎಂದಳು.

“ಅಲ್ಲಿ ಬೇಡ ಕಣಮ್ಮ.”

“ಯಾಕಣ್ಣ? ಆ ಕಡೆ ನಾಲ್ಕು ದಿನದಿಂದ ಏನೂ ಓಡಾಡಿಲ್ಲ ಅಂತ ನೀನೇ ಬರ್ದಿದ್ದೀಯಲ್ಲ.”

ನಾನು ಟಾರ್ಚು ಎತ್ತಿಕೊಂಡು ಅವಳ ಹಿಂದೆ ಹೊರಟೆ.

ಪಟ್ಟಿಗೆ ಹತ್ತು ಹೆಜ್ಜೆ ಈಚೆ ಗೋಣಿಚೀಲ ಹಾಸಿಕೊಂಡು ಕೂತೆವು. ಚಂದ್ರನಿರಲಿಲ್ಲ. ಕಡಲೆಗಿಡದ ಹಸಿ ವಾಸನೆ. ಮಡಕಶಿರದ ಕಡೆಗೆ ಹೋಗುವ ಲಾರಿಯೊಂದರ ಸದ್ದು ದೂರದಲ್ಲಿ ಕರಗಿತು. ಆಮೇಲೆ ಜೀರುಂಡೆಗಳೂ ಒಮ್ಮೆಲೇ ಸುಮ್ಮನಾದವು.

ಸರ್ರ್... ಸರ್ರ್...

ಪೊರಕೆಯ ಸದ್ದು.

ನಮ್ಮ ಮುಂದಿನ ಕತ್ತಲಲ್ಲಿ ಯಾರೋ ನೆಲ ಗುಡಿಸುತ್ತಿದ್ದರು. ಅವಸರವಿಲ್ಲದೆ, ಒಂದು ತುದಿಯಿಂದ ಇನ್ನೊಂದು ತುದಿಗೆ... ಧೂಳು ನನ್ನ ಮೂಗಿಗೆ ಬಂತು. ಅದರೊಳಗೆ ನೆನೆದ ಕಂಬಳಿಯಂಥ ಕಮಟು.

“ಅಣ್ಣ...” ಭಾಗ್ಯ ನನ್ನ ಕಿವಿಯಲ್ಲಿ ಉಸುರಿದಳು. “ಸಂಜೆ ಪಟ್ಟಿ ಗುಡಿಸಿದ್ದೆ ತಾನೆ?”

“ಹೂಂ.”

“ಪೊರಕೆ ಎಲ್ಲೈತೆ?”

“ಶೆಡ್ಡಲ್ಲಿ.”

ಆ ಎರಡನೇ ಉತ್ತರ ಮಾತ್ರ ನಿಜ.

ಸದ್ದು ನಿಂತಿತು. ಅವಳು ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡು ಎದ್ದು ಬೆಳಕು ಬಿಟ್ಟಳು. ಯಾರೂ ಇರಲಿಲ್ಲ. ಪಟ್ಟಿ ಮಾತ್ರ ಹಬ್ಬದ ದಿನದ ಅಂಗಳದ ಹಾಗೆ ನುಣ್ಣಗಿತ್ತು. ಅದರ ಮೇಲೆ ಬಂಡೆಯ ಕಡೆಯಿಂದ ಬಂದ ಹೆಜ್ಜೆಗಳು. ಕೊನೆಯದು ನಾನು ಕೂತ ಕಡೆಗೆ ಬೆರಳು ಮಾಡಿ ನಿಂತಿತ್ತು.

ಬರಿಗಾಲು. ಮುಂದೆ ಐದು ಉಗುರು. ಮುಳ್ಳಿನಿಂದ ಗೀಚಿದ್ದಲ್ಲ... ಮಣ್ಣಿಗೆ ಆಳವಾಗಿ ಇಳಿದ ಉಗುರು.

ನನ್ನ ಬಲ ಹಿಮ್ಮಡಿಯಲ್ಲಿ ಅಡ್ಡಕ್ಕೊಂದು ದೊಡ್ಡ ಬಿರುಕಿದೆ. ಆ ಬಿರುಕೂ ಅಲ್ಲಿ ಮೂಡಿತ್ತು. ನಾನು ಆ ಮಣ್ಣು ತುಳಿದು ಐದು ದಿನವಾಗಿತ್ತು.

“ಅದೇ ಕರಡಿ ಕಣಣ್ಣ!” ಅವಳ ಪಿಸುದನಿಯಲ್ಲಿ ಸಂತೋಷ ಕುಣಿಯುತ್ತಿತ್ತು. “ಎಲ್ಲಿಂದ ಬಂತು ನೋಡ್ಕಂಡ್ ಬತ್ತೀನಿ, ಬಂಡೆವರ್ಗೂ ಅಷ್ಟೇ.”

ಅದು ಕರಡಿಯಲ್ಲ, ನಾನು ಎನ್ನಬೇಕಿತ್ತು. ಹೋಗಬೇಡ ಎಂದಿದ್ದರೂ ಸಾಕಿತ್ತು. ಆದರೆ ಯಾಕೆ ಎಂದು ಕೇಳುತ್ತಿದ್ದಳು. ಅವಳು ಹೆಜ್ಜೆಗಳ ಜಾಡು ಹಿಡಿದು ಹೋದಳು. ನಾನು ಗೋಣಿಚೀಲದ ಮೇಲೆ ಕೂತೇ ಇದ್ದೆ.

ನಿಜವಾದ ಕರಡಿ ಬಂಡೆಯ ಸಂದಿನಲ್ಲಿತ್ತು, ಮರಿಯ ಜೊತೆ.

ಅವಳ ಕೂಗು... ನಾನು ಎದ್ದದ್ದು ಆ ಕೂಗು ನಿಂತ ಮೇಲೆ.

ತಗಡಿನ ಡಬ್ಬ ಬಡಿಯುತ್ತ, ಪಂಜು ಹಿಡಿದು ಓಡಿಬಂದವನು ತಿಮ್ಮಪ್ಪ. ಕರಡಿ ಮರಿಯೊಂದಿಗೆ ಗುಡ್ಡ ಹತ್ತಿತು. ತಂಗಿಯನ್ನು ಹೆಗಲಿಗೆ ಹಾಕಿಕೊಂಡವನೂ ಅವನೇ. ಆಟೋದಲ್ಲಿ ಮಡಕಶಿರ, ಅಲ್ಲಿಂದ ಹಿಂದೂಪುರ. ಜೀವ ಉಳಿಯಿತು. ಎಡಗಣ್ಣು ಹೋಯಿತು.

ಮಾರನೆಯ ದಿನ ಅರಣ್ಯದ ಗಾರ್ಡು ಜಾಗ ನೋಡಲು ಬಂದ. ನಾನೇ ಕರೆದುಕೊಂಡು ಹೋದೆ. ಪಶ್ಚಿಮದ ಪಟ್ಟಿಯ ತುಂಬ ಒಣಗಿದ ಎಲೆ, ಹಳೆಯ ಆಡಿನ ಹಿಕ್ಕೆ. ಭಾಗ್ಯಳ ಬೂಟಿನ ಗುರುತು, ತಿಮ್ಮಪ್ಪನ ಚಪ್ಪಲಿಯ ಗುರುತು. ಬರಿಗಾಲಿನದು ಒಂದೂ ಇಲ್ಲ.

“ಇಕ್ಕಡ ಎವರೂ ಊಡ್ಚಲೇದೇ” ಎಂದ ಗಾರ್ಡು. ಇಲ್ಲಿ ಯಾರೂ ಗುಡಿಸಿಯೇ ಇಲ್ಲವಲ್ಲ ಎಂದು. ಅವನು ನನ್ನ ಮುಖ ನೋಡಿದ. ನಾನು ಗುಡ್ಡ ನೋಡಿದೆ.

ನನ್ನ ತಲೆ ಕೆಟ್ಟಿತ್ತು, ಭ್ರಮೆ ಎಂದುಕೊಳ್ಳಬಹುದಿತ್ತು. ಆದರೆ ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವಳು ನನ್ನ ಕೈ ಹಿಡಿದು ಹೇಳಿದ ಮೊದಲ ಮಾತು ಇದು: “ಎಷ್ಟು ಚೆಂದ ಗುಡಿಸಿದ್ದೆ ಅಣ್ಣ. ಹೆಜ್ಜೆ ಅಚ್ಚು ಹಾಕ್ದಂಗಿತ್ತು.”

ಅಂದು ಗುಡಿಸಿದವರು ಯಾರು? ಇವತ್ತಿಗೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ಯಾರಾದರೂ ಅಂಗಳ ಗುಡಿಸುವ ಸದ್ದು ಕೇಳಿದರೆ ಮಂಚದ ಮೇಲೆ ಕಾಲು ಎಳೆದುಕೊಂಡು ಕೂರುತ್ತೇನೆ.

ಭಾಗ್ಯ ಈಗ ರಾಯದುರ್ಗದ ಕಡೆ ಅದೇ ಕೆಲಸ ಮಾಡುತ್ತಿದ್ದಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಹೊಲದ ರೈತ ಎದ್ದು ನಿಂತು ಕೈ ಮುಗಿದ. “ಬರ್ರಿ ಬರ್ರಿ, ಮೇಡಮ್ಮೋರ ಅಣ್ಣ ನೀವೇ ಅಲ್ರಿ? ನಿಮ್ಮಂಗ ಕೆಲಸ ಮಾಡಾಕ ಯಾರಿಗೂ ಬರಂಗಿಲ್ಲ ಅಂತಾರ್ರಿ ಅವರು.”

ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು.

ಸಂಜೆ ಅವಳು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದಳು. ನಾನು ಅವಳ ಎಡಕ್ಕೆ ಕೂತಿದ್ದೆ. ಹೊಲಿಗೆ ಹಾಕಿದ ಕೆನ್ನೆ, ಮುಚ್ಚಿದ ರೆಪ್ಪೆ. ಆ ಕಡೆಯಿಂದ ಅವಳಿಗೆ ನಾನು ಕಾಣುತ್ತಿರಲಿಲ್ಲ. ಹಾಗಾಗಿಯೇ ಇರಬೇಕು, ಧೈರ್ಯ ಬಂತು.

“ಭಾಗ್ಯ, ಆ ಪಟ್ಟಿ ನಾನು...”

“ಆ ಕಡೆಯಿಂದ ಮಾತಾಡ್ಬೇಡ ಅಣ್ಣ, ನೀನು ಕಾಣಲ್ಲ ನಂಗೆ. ಈ ಕಡೆ ಬಾ.”

ಎದ್ದು ಅವಳ ಬಲಕ್ಕೆ ಬಂದು ಕೂತೆ. ಪೆನ್ನು ಕೆಳಗಿಟ್ಟು, ಇದ್ದೊಂದು ಕಣ್ಣಿನಿಂದ ನನ್ನನ್ನೇ ನೋಡುತ್ತ ಕಾದಳು.

“ಏನೋ ಅಂದ್ಯಲ್ಲ?”

“ಊಟ ಮಾಡಿದ್ಯಾ ಅಂತ ಕೇಳ್ದೆ.”