ಫೋನಿನಲ್ಲಿ ಕಳಿಸಿದ ಹೂಗಳು

ಮಗಳನ್ನು ಕಾರ್ಕಳದಲ್ಲಿ ಅಮ್ಮನ ಹತ್ತಿರ ಬಿಟ್ಟು ನಾನು ಕತಾರಿಗೆ ಹೋದಾಗ ಅವಳಿಗೆ ಒಂದೂವರೆ ವರ್ಷ. ದೋಹಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಗಂಡ ಅದಾಗಲೇ ಅಲ್ಲಿದ್ದರು. ಅಲ್ ಸದ್ದ್‌ನ ಫ್ಲಾಟೊಂದರಲ್ಲಿ ನಮಗಿದ್ದದ್ದು ಒಂದೇ ಕೋಣೆ. ಇನ್ನೊಂದರಲ್ಲಿ ಬೇರೆ ದಂಪತಿ. ನಮ್ಮಿಬ್ಬರಿಗೂ ಶಿಫ್ಟು, ಮಗುವನ್ನು ನೋಡಿಕೊಳ್ಳುವವರು ಯಾರು? ಆರು ತಿಂಗಳು ಎಂದುಕೊಂಡದ್ದು ಎರಡು ವರ್ಷವಾಯಿತು.

ಅಷ್ಟು ಹೊತ್ತಿಗೆ ಅವಳು ಫೋನಿಗೆ ಬರುವುದನ್ನೇ ಬಿಟ್ಟಿದ್ದಳು. ಅಮ್ಮ ರಿಸೀವರನ್ನು ಅವಳ ಕಿವಿಗೆ ಹಿಡಿದರೆ ಒಂದಿಷ್ಟು ಉಸಿರಾಟ ಕೇಳುತ್ತಿತ್ತು, ಆಮೇಲೆ ಓಡಿಹೋಗುವ ಸಪ್ಪಳ. "ಆಡ್ಲಿಕ್ಕೆ ಹೋದ್ಲು, ಬೇಜಾರು ಮಾಡ್ಬೇಡ" ಎನ್ನುತ್ತಿದ್ದರು ಅಮ್ಮ. ನನಗಾದರೂ ಊಟ ಆಯ್ತಾ, ನಿದ್ದೆ ಮಾಡಿದ್ಯಾ ಎನ್ನುವುದು ಬಿಟ್ಟರೆ ಕೇಳಲು ಬೇರೆ ಏನೂ ತೋಚುತ್ತಿರಲಿಲ್ಲ.

ಆ ಚಳಿಗಾಲ ದೋಹಾಕ್ಕೆ ಮಳೆ ಹಿಡಿಯಿತು. ವರ್ಷಕ್ಕೆ ನಾಲ್ಕು ಸಲ ಹನಿದರೆ ಹೆಚ್ಚು ಅನ್ನುವ ಊರಿನಲ್ಲಿ ಮೂರು ವಾರ ಬಿಟ್ಟು ಬಿಟ್ಟು ಸುರಿಯಿತು. ರಸ್ತೆಯಲ್ಲಿ ನಿಂತ ನೀರನ್ನು ಟ್ಯಾಂಕರುಗಳು ಬಂದು ಹೀರಿಕೊಂಡು ಹೋಗಬೇಕು. ನಮ್ಮ ಕೋಣೆಯಲ್ಲಿ ಏಸಿ ಕೂರಿಸಿದ ಕಿಂಡಿಯಿಂದ ನೀರಿಳಿದು ಹಾಸಿಗೆಯ ತುದಿ ಒದ್ದೆಯಾಗುತ್ತಿತ್ತು. ಅಲ್ಲಿಗೆ ಟವೆಲು ತುರುಕಿ ಡ್ಯೂಟಿಗೆ ಹೋಗುತ್ತಿದ್ದೆ.

ಮಳೆ ಶುರುವಾದ ಮೊದಲ ಶುಕ್ರವಾರ ಬೆಳಿಗ್ಗೆ ಮನೆಗೆ ಫೋನು ಮಾಡಿದೆ. ಮಗಳು ತಾನಾಗಿಯೇ ಬಂದು ರಿಸೀವರ್ ಹಿಡಿದಳು. ಅವಳ ಕೈಯಲ್ಲಿ ಅಬ್ಬಲಿಗೆ ಹೂ ಇತ್ತಂತೆ.

"ನಿನ್ನಲ್ಲಿ ಯಾವ ಹೂ ಉಂಟು?"

"ಇಲ್ಲಿ ಹೂವಿಲ್ಲ ಮಗಾ. ಬರೀ ಮಳೆ."

"ಮತ್ತೆ ನೀನು ಅಲ್ಲಿ ಎಂತ ಮಾಡುದು?"

"ನಾಳೆ ಹುಡುಕಿ ಹೇಳ್ತೇನೆ" ಎಂದೆ. "ಆಯ್ತು" ಎಂದು ಅವಳು ಫೋನು ಇಟ್ಟಳು.

ಕ್ಲಿನಿಕ್ಕಿನ ವ್ಯಾನು ಓಡಿಸುತ್ತಿದ್ದವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಕತಾರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ನಾನು ಕಾಕಾ ಎನ್ನುತ್ತಿದ್ದೆ. ನನಗಿಂತ ಎಷ್ಟೋ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಮರುದಿನ ವ್ಯಾನು ಹತ್ತಿದವಳೇ ಕಿಟಕಿಯ ಗಾಜು ಒರೆಸಿ ಹೊರಗೆ ನೋಡುತ್ತ ಕುಳಿತೆ.

"ಎಂತ ಹುಡುಕುದು ಅಕ್ಕ?"

"ಹೂವು ಕಾಕಾ. ಮಗಳಿಗೆ ಹೇಳಲಿಕ್ಕೆ."

ಅವರು ನಗಲಿಲ್ಲ. ಒಂದು ವಿಲ್ಲಾದ ಕಾಂಪೌಂಡಿನ ಪಕ್ಕದಲ್ಲಿ ನಿಧಾನ ಮಾಡಿದರು. ಗೋಡೆಯ ಮೇಲಿನ ಕಾಗದದ ಹೂವಿನ ಬಳ್ಳಿ ಮಳೆಯ ಭಾರಕ್ಕೆ ರಸ್ತೆಗೆ ಬಾಗಿತ್ತು. ಕೆಳಗೆ ನಿಂತ ಕೆಸರು ನೀರಿನ ತುಂಬ ಅದರ ಗುಲಾಬಿ ಎಸಳು. ವರ್ಷಗಟ್ಟಲೆ ದಿನಾ ಹಾದುಹೋದ ಗೋಡೆ ಅದು. ಧೂಳಿನಡಿಯಲ್ಲಿ ಆ ಬಣ್ಣ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಅಂದು ಸಂಜೆ ಅದನ್ನು ಮಗಳಿಗೆ ಹೇಳಿದೆ. "ನೀರಲ್ಲಿ ದೋಣಿಯ ಹಾಗೆ ಹೋಗ್ತದಾ?" ಎಂದು ಕೇಳಿದಳು. ಹೌದು ಎಂದೆ. ಹಿಂದೆ ಎರಡು ನಿಮಿಷ ನಿಲ್ಲದವಳು ಅಂದು ಅಮ್ಮ ಊಟಕ್ಕೆ ಕರೆಯುವ ತನಕ ಫೋನು ಬಿಡಲಿಲ್ಲ.

ಆಮೇಲೆ ದಿನಕ್ಕೊಂದು ಹುಡುಕಿದೆವು. ಕ್ಲಿನಿಕ್ಕಿನ ಹಿಂದೆ ಕಸದ ತೊಟ್ಟಿಯ ಬಳಿ ಕಣಗಿಲೆ. ರೌಂಡಬೌಟಿನಲ್ಲಿ ರೇನ್‌ಕೋಟು ಹಾಕಿದ ಕೆಲಸಗಾರರು ನೆಡುತ್ತಿದ್ದ ನೇರಳೆ ಪೆಟೂನಿಯಾ. ಹಿಂದಿನ ದಿನ ನೆಟ್ಟದ್ದು ಮಳೆಗೆ ಮಲಗಿತ್ತು, ಅವರು ಒಂದೊಂದನ್ನೇ ಎತ್ತಿ ಬುಡಕ್ಕೆ ಮಣ್ಣು ಒತ್ತುತ್ತಿದ್ದರು. ಕೆಲವು ದಿನ ಫೋನು ಸಿಗುತ್ತಿರಲಿಲ್ಲ. ಆಗ ಹೂವಿನ ಬಣ್ಣ ಮರೆತುಹೋಗದಂತೆ ಲ್ಯಾಬಿನ ಲೇಬಲ್ಲಿನ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೆ.

ಮೂರನೆಯ ವಾರ ಅಲ್ ವುಕೈರ್ ಕಡೆಯ ಮನೆಯೊಂದಕ್ಕೆ ರಕ್ತದ ಸ್ಯಾಂಪಲ್ ತರಲು ಹೋಗಿದ್ದೆವು. ಹಿಂದಿರುಗುವಾಗ ಕಾಕಾ ಖಾಲಿ ಬಯಲಿನ ಬದಿಯಲ್ಲಿ ವ್ಯಾನು ನಿಲ್ಲಿಸಿದರು. "ಇಳಿಯಿರಿ ಅಕ್ಕ. ಬಗ್ಗಿ ನೋಡ್ಬೇಕು, ನಿಂತ್ರೆ ಕಾಣುದಿಲ್ಲ."

ತುಂತುರು ಬೀಳುತ್ತಿತ್ತು. ಕೊಡೆ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತೆ. ಕಲ್ಲು ಮರಳಿನ ನಡುವೆ ಸಾಸಿವೆ ಹೂವಿಗಿಂತ ಸಣ್ಣ ಹಳದಿ ಹೂಗಳು, ನಡುನಡುವೆ ತಿಳಿನೇರಳೆ. ಒಂದು ಕಂಡ ಮೇಲೆ ಕಣ್ಣು ಹೋದಲ್ಲೆಲ್ಲ ಅವೇ.

"ಬೀಜ ಮಣ್ಣಲ್ಲೇ ಇರ್ತದೆ" ಎಂದರು ಕಾಕಾ. "ಮಳೆ ಬಾರದಿದ್ರೆ ಎಷ್ಟು ವರ್ಷ ಆದ್ರೂ ಹಾಗೇ." ನನ್ನ ಪಕ್ಕದಲ್ಲಿ ತಾವೂ ಕುಳಿತು, "ನನ್ನ ಮಕ್ಕಳು ಫೋನಲ್ಲೇ ದೊಡ್ಡ ಆದದ್ದು ಅಕ್ಕ. ದೊಡ್ಡವಳ ಮದುವೆಗೆ ಹೋದಾಗ ಅವಳ ಹತ್ರ ಎಂತ ಮಾತಾಡುದು ಅಂತ ಗೊತ್ತಾಗ್ಲಿಲ್ಲ. ನೀವು ಹಾಗೆ ಮಾಡ್ಬೇಡಿ" ಎಂದರು. "ಯಲ್ಲಾ, ಹೋಗುವ" ಎಂದು ತಾವೇ ಮೊದಲು ಎದ್ದು ನಡೆದರು.

ಹಿಂಬರುವ ದಾರಿಯಲ್ಲಿ ನಾನು ಸ್ಯಾಂಪಲ್ಲಿನ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಅಳುತ್ತಿದ್ದೆ. ಕಾಕಾ ರೇಡಿಯೋದ ಧ್ವನಿ ಜಾಸ್ತಿ ಮಾಡಿದರು.

ಅದರ ಮರುದಿನ ಮಳೆ ನಿಂತಿತು. ನಾಲ್ಕೇ ದಿನದಲ್ಲಿ ಬಿಸಿಲು ರಸ್ತೆಯನ್ನು ಒಣಗಿಸಿತು. ಶುಕ್ರವಾರ ಮಗಳು, "ಇವತ್ತು ಯಾವ ಹೂ?" ಎಂದಳು.

"ಇವತ್ತು ಹೊಸತು ಇಲ್ಲ ಮಗಾ. ಇದ್ದದ್ದೆಲ್ಲ ಹೇಳಿ ಆಯ್ತು."

"ಹಾಗಾದ್ರೆ ನೀನೇ ಬಾ. ಇಲ್ಲಿ ತುಂಬಾ ಉಂಟು."

ಅವಳು ಅದನ್ನು ಹಟದಿಂದ ಹೇಳಲಿಲ್ಲ, ನನಗೊಂದು ದಾರಿ ತೋರಿಸುವವಳ ಹಾಗೆ ಹೇಳಿದಳು. ಅಂದೇ ಗಂಡನಿಗೆ ಹೇಳಿದೆ: ಮಗು ಇಲ್ಲಿಗೆ ಬರಬೇಕು, ಇಲ್ಲದಿದ್ದರೆ ನಾನು ಹೋಗುತ್ತೇನೆ. ಅವರು ವಾದ ಮಾಡಲಿಲ್ಲ. "ನಂಗೂ ಸಾಕಾಗಿದೆ" ಎಂದರು. ಕ್ಲಿನಿಕ್ಕಿನಲ್ಲಿ ಕೇಳಿಕೊಂಡು ಹಗಲು ಡ್ಯೂಟಿ ಮಾತ್ರ ಮಾಡಿಸಿಕೊಂಡೆ, ಹಗಲು ಮಗುವಿನ ಜೊತೆ ಇರಲು ಗಂಡ ರಾತ್ರಿ ಶಿಫ್ಟು ಹಿಡಿದರು. ಸಣ್ಣದಾದರೂ ನಮ್ಮದೇ ಒಂದು ಫ್ಲಾಟು ಹುಡುಕಿದೆವು. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಮಗಳು ಎರಡು ದಿನ ನನ್ನ ಅಮ್ಮನ ಸೀರೆಯ ಹಿಂದೆ ಅಡಗಿದ್ದಳು. ಮೂರನೆಯ ದಿನ ನನ್ನ ಬೆರಳು ಹಿಡಿದು ಬಾವಿಕಟ್ಟೆಯವರೆಗೆ ಬಂದಳು. ಜೂನಿನಲ್ಲಿ ನಮ್ಮ ಜೊತೆ ದೋಹಾಕ್ಕೆ ಬಂದಳು.

ಈಗ ಅವಳು ನನಗಿಂತ ಎತ್ತರ. ಮಾತು ಶುರುವಾದರೆ ನಿಲ್ಲುವುದೇ ಇಲ್ಲ. ಆದರೆ ನಾನು ದೂರವಿದ್ದಾಗ ಅವಳು ಮೊದಲು ಆಡಿದ ಪೂರ್ತಿ ವಾಕ್ಯ ಯಾವುದೆಂದು ನನಗೆ ಇವತ್ತಿಗೂ ತಿಳಿಯದು. ಅಮ್ಮನನ್ನು ಕೇಳಿದರೆ ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಾರೆ.