ಕಾಕು ಸುಡಾಕತ್ತೈತಿ ಅಂದಿದ್ದಳು

ಕಾಕು, ಅವತ್ತು ಹೀಟ್ ಥೆರಪಿಯ ಮಂಚದ ಮೇಲೆ ನೀನು ಸುಮ್ಮನಿರಲಿಲ್ಲ. ಸುಡುತ್ತಿದೆ ಎಂದು ಹೇಳಿದ್ದೆ. ಆ ಮಾತನ್ನು ಯಾರಿಗೂ ಮುಟ್ಟಿಸದೆ ನುಂಗಿದವನು ನಾನು.

ಎರಡು ವರ್ಷವಾಯಿತು. ಈ ಪರದೇಶದ ರೊಟೊಟೂನದಲ್ಲಿರುವ ನಮ್ಮ ಮನೆಗೆ ಬಂದವರು ಆ ಸುಟ್ಟ ಗಾಯದ ಬಗ್ಗೆ ಕೇಳಿದಾಗಲೆಲ್ಲ ನೀನು ಅನ್ನುವುದು ಒಂದೇ: "ತಪ್ಪು ನಂದ. ಜೋರಾಗಿ ಹೇಳಬೇಕಾಗಿತ್ತು." ಆಗ ನನ್ನ ಬಿಸ್ಕತ್ತು ಚಹಾದಲ್ಲಿ ಮುರಿದು ಬೀಳುತ್ತದೆ, ಅಂಗಿಯ ಮೇಲೆ ಸಿಡಿಯುತ್ತದೆ, ಎಲ್ಲರೂ ನಗುತ್ತಾರೆ, ಮಾತು ಬದಲಾಗುತ್ತದೆ. ಕಾಕು — ಒಮ್ಮೆಯೂ ಅದು ತಾನಾಗಿ ಬಿದ್ದಿದ್ದಲ್ಲ.

ಈ ದೇಶಕ್ಕೆ ಬಂದ ಹೊಸದರಲ್ಲಿ, ಇಲ್ಲಿ ಬೀದಿ ಮೂಲೆಯ ಕಿರಾಣಿ ಅಂಗಡಿಗೆ ಡೈರಿ ಅನ್ನುತ್ತಾರೆಂದು ತಿಳಿಯದೆ, ಹಾಲಿಗೆ ಸ್ಟೀಲಿನ ಕ್ಯಾನು ಹಿಡಿದು ಹೋಗಿದ್ದ ಮಹಾನುಭಾವ ನಾನು. ಅಂಥವನು, ಕ್ಲಿನಿಕ್ಕಿನವರು ಫೋನಿನಲ್ಲಿ ದುಭಾಷಿ ಕೊಡುತ್ತೇವೆಂದಾಗ, ಬೇಡ, ನಾನಿದ್ದೇನೆ ಎಂದುಬಿಟ್ಟೆ. ನರ್ಸ್ ಆಗಿರುವ ನಿನ್ನ ಮಗಳು ಸುನಂದಕ್ಕನಿಗೆ ಅವತ್ತು ಡ್ಯೂಟಿ. ಮೇಲಾಗಿ, ಈ ಚಿಕಿತ್ಸೆಯನ್ನು ಹುಡುಕಿದವನೇ ನಾನು. ರೇಡಿಯೇಷನ್ನಿಗೆ ಇದು ಬದಲಿಯಲ್ಲ, ಜೊತೆಗೆ ಮಾಡುವುದು. ಗಡ್ಡೆಯ ಜಾಗವನ್ನು ಹದವಾಗಿ ಕಾಯಿಸಿದರೆ ರೇಡಿಯೇಷನ್ ಚೆನ್ನಾಗಿ ಹಿಡಿಯಬಹುದು — ಇಷ್ಟನ್ನು ಊಟದ ಮೇಜಿನಲ್ಲಿ ಪ್ರೊಫೆಸರನ ಹಾಗೆ ಹೇಳಿ ಎಲ್ಲರನ್ನೂ ಒಪ್ಪಿಸಿದ್ದೆ.

ಹಿಂದಿನ ಎರಡು ಸಲವೂ ನಿನಗೆ ತಡೆಯಲಾಗದೆ ನಡುವೆಯೇ ನಿಲ್ಲಿಸಿದ್ದರು. ಇವತ್ತೂ ಪೂರ್ತಿಯಾಗದಿದ್ದರೆ ಮುಂದುವರಿಸುವುದು ಅನುಮಾನ ಎಂದು ಯಂತ್ರ ನೋಡಿಕೊಳ್ಳುವ ಹುಡುಗಿ ಹೇಳಿದಳು. ನನಗೆ ಹೆದರಿಕೆಯಾಯಿತು. ನಿನ್ನ ಜೀವದ ಹೆದರಿಕೆ ಎಂದು ಬರೆಯಬಹುದಿತ್ತು. ಅರ್ಧ ಅದೇ. ಇನ್ನರ್ಧ — ನನ್ನ ಮಾತು ಬಿದ್ದುಹೋಗುತ್ತದೆಂದು.

ಎದೆಯ ಮೇಲೆ ನೀರು ತುಂಬಿದ ಮೆತ್ತನೆಯ ಚೀಲ. ನೀನು ಹುಬ್ಬು ಗಂಟಿಕ್ಕಿದೆ. "ಬಗಲ ಕೆಳಗ ಒಂದ ಕಡೆ ಸುಡಾಕತ್ತೈತಿ. ಆಕಿಗೆ ಹೇಳಪಾ."

ಹುಡುಗಿ ನನ್ನ ಮುಖ ನೋಡಿದಳು. ನಾನು ಇಂಗ್ಲಿಷಿನಲ್ಲಿ, ಹಿತವಾಗಿದೆಯಂತೆ ಎಂದೆ. ನಿನ್ನ ಕಡೆ ತಿರುಗಿ, "ಜ್ವಾಳದ ರೊಟ್ಟಿ ಬರಿಗೈಲೆ ತಿರುವ್ಯಾಕಿ ನೀ. ಇಷ್ಟಕ್ಕ ಅಂಜತೀಯೇನ?" ಎಂದೆ.

"ಹೋಗೋ ಮಂಗ್ಯಾ," ಎಂದು ನಕ್ಕೆ ನೀನು. ಆಮೇಲೆ ಹಲ್ಲು ಕಚ್ಚಿಕೊಂಡು ಮಲಗಿದೆ. ಹುಡುಗಿ ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ —

ಮರುದಿನ ಬಗಲ ಕೆಳಗೆ ದೊಡ್ಡ ಸುಟ್ಟ ಗುಳ್ಳೆ. ನೋವಾದಾಗ ಯಾಕೆ ಹೇಳಲಿಲ್ಲ ಎಂದು ಡಾಕ್ಟರ್ ಕೇಳಿದರು. ನಾನು ನಿನಗೆ, "ಜೋರಾಗಿ ಹೇಳಬೇಕಾಗಿತ್ತಂತ" ಎಂದೆ. "ಹೌದಪಾ, ನಂದ ತಪ್ಪು" ಎಂದೆ ನೀನು. ಅದೊಂದನ್ನು ಮಾತ್ರ ಚಾಚೂತಪ್ಪದೆ ಇಂಗ್ಲಿಷಿಗೆ ತಂದೆ. ನೋಡು, ನನಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ.

ಗಾಯ ಮಾಯುವ ತನಕ ರೇಡಿಯೇಷನ್ ನಿಂತಿತು. ನಿಂತ ಆ ದಿನಗಳಲ್ಲಿ ಒಳಗೆ ಏನು ಬೆಳೆಯಿತೋ, ಬೆಳೆಯಲಿಲ್ಲವೋ — ಯಾರೂ ಹೇಳಲಾರರು. ಈಗ ಅದೇ ಬದಿಯಲ್ಲಿ ಮತ್ತೊಂದು ಗಂಟು. ಗುರುವಾರ ಸ್ಕ್ಯಾನಿನ ಫಲಿತಾಂಶ. ನಿನ್ನೆ ಕಣಕ ನಾದುತ್ತ ನೀನು ಅಂದೆ: "ನೀನ ಬಾ. ನೀ ಇದ್ರ ನನಗ ಅಂಜಿಕಿ ಇಲ್ಲ."

ಡಾಕ್ಟರ್ ಕೆಟ್ಟದ್ದು ಹೇಳಿದರೆ ನಿನಗೆ ನಾನು ಏನು ಹೇಳುತ್ತೇನೆ? ನನಗೇ ಗೊತ್ತಿಲ್ಲ, ಕಾಕು. ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ಗುರುವಾರಕ್ಕೆ ದುಭಾಷಿ ಬೇಕೆಂದೆ. ಆ ಕ್ಲಿನಿಕ್ಕಿಗೂ ಮಾಡಿದೆ. ಹುಡುಗಿ ಇನ್ನೂ ಅಲ್ಲೇ ಇದ್ದಾಳೆ. ಅವತ್ತು ನಮ್ಮ ಕಾಕು ಸುಡುತ್ತಿದೆ ಅಂದಿದ್ದರು, ನಾನು ನಿಮಗೆ ಸುಳ್ಳು ಹೇಳಿದೆ ಎಂದೆ. ಅವಳು ಕೇಳಿದ್ದು ಒಂದೇ — ಅವರಿಗೆ ಇದು ಗೊತ್ತಾ?

ಈ ಕಾಗದವನ್ನು ನಿನ್ನ ರೊಟ್ಟಿ ಡಬ್ಬಿಯ ಮೇಲೆ ಇಡುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಬಿಸ್ಕತ್ತು ಮುಟ್ಟುವುದಿಲ್ಲ.