ಗಾಜಿನ ಕಟ್ಟು ಹಾಕಿಸಿದ ಸೋಡಚೀಟಿ

ನಾನಾಗ ವಿಜಾಪುರದ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಜೋರಾಪುರ ಪೇಟೆಯ ಶಾಂತವ್ವ ತನ್ನನ್ನು ಬಿಟ್ಟ ಗಂಡನಿಂದ ಜೀವನಾಂಶ ಕೇಳಿದ್ದಳು. ನಮ್ಮ ನೋಟಿಸಿಗೆ ಆತನ ಉತ್ತರ ಒಂದೇ ಸಾಲು: ‘ಈಕೆ ನನ್ನ ಹೆಂಡತಿಯೇ ಅಲ್ಲ.’ ಲಗ್ನ ಕಂಡವರಲ್ಲಿ ಕೆಲವರು ತೀರಿಹೋಗಿದ್ದರು, ಉಳಿದವರೆಲ್ಲ ಆತನ ಮಂದಿ.

ಸಾಕ್ಷಿ ಹುಡುಕಲು ಆತನ ಊರು ತಿಕೋಟಾಕ್ಕೆ ಹೋದವನು ನೆಟ್ಟಗೆ ಆತನ ಮನೆಗೇ ಹೋದೆ. ಯಾರ ಕಡೆಯವನೆಂದು ಹೇಳಿದರೂ ಆತ ಚಹಾ ಕೊಟ್ಟ.

“ನಿಮ್ಮ ವಕೀಲರಿಗೆ ಕಾಯ್ದೆ ಗೊತ್ತಿಲ್ಲೇನ್ರಿ? ಬಿಟ್ಟಾಕಿಗೆ ಯಾಕ ಕೊಡಬೇಕು?” ಎಂದು ಗೋಡೆ ತೋರಿಸಿದ. ಪಂಚರು ಕೂತು ಬರೆಸಿದ ಸೋಡಚೀಟಿಗೆ, ಅಂದರೆ ಹೆಂಡತಿಯನ್ನು ಬಿಟ್ಟ ಪತ್ರಕ್ಕೆ, ಗಾಜಿನ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದ. ನಾನು ಗಟ್ಟಿಯಾಗಿ ಓದಿದೆ: ‘ನನ್ನ ಲಗ್ನದ ಹೆಂಡತಿ ಶಾಂತವ್ವಳನ್ನು ಇಂದಿನಿಂದ ಬಿಟ್ಟಿದ್ದೇನೆ.’

“ಇದರ ನಕಲು ಬರ್ಕೊಳ್ಳೇನ್ರಿ?”

“ಬರ್ಕೋರಿ! ಬೇಕಂದ್ರ ಕೆಳಗ ಸಹೀನೂ ಮಾಡ್ತೀನಿ.” ಮಾಡಿಯೇ ಕೊಟ್ಟ.

ಕಾಗದ ಜೇಬಿಗಿಟ್ಟ ಮೇಲೆ ಹೇಳಿದೆ: “ಕಾಯ್ದೆ ಬದಲಾಗೇತ್ರಿ. ಬಿಟ್ಟ ಹೆಂಡತೀನೂ ಮತ್ತೊಂದು ಲಗ್ನ ಆಗೂತನಕ ಜೀವನಾಂಶ ಕೇಳಬಹುದು. ಆಕಿ ನಿಮ್ಮ ಹೆಂಡತಿ ಆಗಿದ್ಳು ಅನ್ನೂದಕ್ಕ ಪುರಾವೆ ಒಂದ ಬೇಕಾಗಿತ್ತು.”

ಆತ ಗೋಡೆ ನೋಡುತ್ತ ನಿಂತ. ನಾನು ಬಸ್ಸು ಹಿಡಿದೆ.

ಸಂಜೆ ಶಾಂತವ್ವನಿಗೆ ಎಲ್ಲ ಹೇಳಿ, ಕಾಗದ ಓದಿದೆ. ಸೆರಗು ಬಾಯಿಗಿಟ್ಟು ನಕ್ಕಳು.

“ಏಳು ವರ್ಷ ಸಂಸಾರದಾಗ ‘ಏ ಇಕಿನ’ ಅಂದಾನ, ಒಮ್ಮಿನೂ ಹೆಸರ ಹಿಡಿದಿಲ್ರಿ. ಬಿಟ್ಟಮ್ಯಾಲ ನೋಡ್ರಿ, ದೇವರ ಬಾಜೂಕ ತೂಗಹಾಕ್ಯಾನ!”